ಆಕಾಶದಿಂದ ಹೊಳೆಯ ನೀರು ಅಳೆಯುವುದು ಹೇಗೆ?



ಮಳೆಗಾಲದ ಒಂದು ಮಧ್ಯಾಹ್ನ ಕೃಷ್ಣಾ ತೀರದ ಹಳ್ಳಿಯೊಂದಕ್ಕೆ ಸ್ವಸಹಾಯ ಸಂಘದ ಸಭೆಗೆಂದು ನಾವು ಹೋಗಿದ್ದೆವು. ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿಯುವ ಹೊತ್ತಿಗೆ ಹೊರಗೆ ಡಂಗುರದ ಸದ್ದು ಕೇಳಿಸಿತು. "ನಾರಾಯಣಪುರ ಡ್ಯಾಮಿನಿಂದ ಎರಡು ಲಕ್ಷ ಕ್ಯೂಸೆಕ್ ನೀರು ಬಿಟ್ಟಾರ, ಹೊಳಿ ದಂಡಿಗೆ ಯಾರೂ ಹೋಗಬ್ಯಾಡ್ರಿ" ಅಂತ ಸಾರುತ್ತಾ ಹೋದರು. ಸಭೆಯಲ್ಲಿ ಕೂತಿದ್ದ ಹಿರಿಯ ತಾಯಿಯೊಬ್ಬರು ನಮ್ಮ ಕಡೆ ತಿರುಗಿದರು.

"ಸಿಸ್ಟರ್, ಎರಡು ಲಕ್ಷ ಅಂದ್ರ ನಮ್ಮ ಮನಿಗೆ ಎಷ್ಟ್ರೀ ನೀರು?"

ನಮಗೆ ಉತ್ತರ ಗೊತ್ತಿರಲಿಲ್ಲ. ಅವರೇ ಮುಂದುವರಿಸಿದರು: "ಹ್ವಾದ ವರ್ಸ ಹಿಂಗ ಸಾರಿದಾಗ ಆಡು, ಕೋಳಿ, ಜ್ವಾಳದ ಚೀಲ ಎಲ್ಲಾ ಹೊತ್ಕೊಂಡು ದಿನ್ನಿ ಮ್ಯಾಲ ಹೋಗಿ ಕುಂತ್ವಿ. ನೀರು ಅಂಗಳಕ್ಕೂ ಬರಲಿಲ್ಲ. ಮಳ್ಯಾಗ ಎರಡು ಆಡು ಸತ್ತು ಹೋದ್ವು. ಈ ಸಲ ಹೋಗೋದೋ ಬಿಡೋದೋ ನೀವ ಹೇಳ್ರಿ."

ಆಗ ಕಾಲೇಜಿಗೆ ಹೋಗುವ ಅವರ ಮೊಮ್ಮಗಳು ಕೇಳಿದಳು: "ಈಗ ಸ್ಯಾಟಲೈಟ್‌ನಿಂದನ ಹೊಳಿ ನೀರು ಅಳೀತಾರಂತಲ್ರಿ ಸಿಸ್ಟರ್. ಅದರಿಂದ ಗೊತ್ತಾಗಂಗಿಲ್ಲೇನ್ರಿ?"

ಅಜ್ಜಿಯದು ಒಂದು ಪ್ರಶ್ನೆ, ಮೊಮ್ಮಗಳದು ಇನ್ನೊಂದು. ಎರಡೂ ಒಳ್ಳೆಯ ಪ್ರಶ್ನೆಗಳೇ. ಅವಕ್ಕೆ ಉತ್ತರ ಹುಡುಕುತ್ತಾ ನಾವು ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ. ಬನ್ನಿ, ಮೊದಲಿನಿಂದ ಶುರು ಮಾಡೋಣ.

ಕ್ಯೂಸೆಕ್ ಅಂದರೆ ಏನು?

ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿಯಲ್ಲಿ ಹಿಡಿಯುವ ನೀರಿಗೆ ಒಂದು ಘನ ಅಡಿ ಎನ್ನುತ್ತಾರೆ. ಅಷ್ಟು ನೀರು ಪ್ರತಿ ಸೆಕೆಂಡಿಗೆ ಒಂದು ಜಾಗ ದಾಟಿ ಹೋದರೆ ಅದು ಒಂದು ಕ್ಯೂಸೆಕ್. ಲೀಟರಿನ ಲೆಕ್ಕದಲ್ಲಿ ಸೆಕೆಂಡಿಗೆ 28 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ನಮ್ಮ ಮನೆಯ ಕೊಡಗಳ ಲೆಕ್ಕದಲ್ಲಿ ಹೇಳುವುದಾದರೆ ಸೆಕೆಂಡಿಗೆ ಎರಡು ಕೊಡ. ಎರಡು ಲಕ್ಷ ಕ್ಯೂಸೆಕ್ ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಲಕ್ಷ ಕೊಡ ನೀರು!

ಟಿಎಂಸಿ ಎನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಅದು ಹರಿವಿನ ಲೆಕ್ಕವಲ್ಲ, ನಿಂತ ನೀರಿನ ಲೆಕ್ಕ. ನೂರು ಕೋಟಿ ಘನ ಅಡಿ ನೀರಿಗೆ ಒಂದು ಟಿಎಂಸಿ. 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಎರಡು ಲಕ್ಷ ಕ್ಯೂಸೆಕ್ ದಿನವಿಡೀ ಹರಿದರೆ 17 ಟಿಎಂಸಿ ದಾಟುತ್ತದೆ. 123 ಟಿಎಂಸಿ ಹಿಡಿಯುವ ಆಲಮಟ್ಟಿಯಂತಹ ಜಲಾಶಯ ಪೂರ್ತಿ ಖಾಲಿ ಇದ್ದರೂ ಇಷ್ಟು ನೀರಿಗೆ ಏಳು ದಿನದಲ್ಲಿ ತುಂಬಿಬಿಡುತ್ತದೆ.

ಇದು ಸಂಖ್ಯೆಯ ಅರ್ಥ. ಆದರೆ ಹರಿಯುವ ಹೊಳೆಯನ್ನು ಡಬ್ಬಿಗೆ ತುಂಬಿ ಅಳೆಯಲು ಆಗುವುದಿಲ್ಲವಲ್ಲ. ಹಾಗಾದರೆ ಈ ಸಂಖ್ಯೆ ಎಲ್ಲಿಂದ ಬರುತ್ತದೆ?

ನೆಲದ ಮೇಲೆ ಅಳೆಯುವ ಕ್ರಮ

ಸೂತ್ರ ಬಹಳ ಸರಳ. ನೀರಿನ ಅಗಲ, ಆಳ, ವೇಗ ಈ ಮೂರನ್ನೂ ಗುಣಿಸಿದರೆ ಹರಿವು ಸಿಗುತ್ತದೆ. ನಿಮ್ಮ ಊರಿನ ಹಳ್ಳದಲ್ಲಿ ನೀವೇ ಮಾಡಿ ನೋಡಬಹುದು. ನೀರು ಮೊಣಕಾಲಿನಷ್ಟೇ ಇದ್ದಾಗ ಮಾತ್ರ ಮಾಡಿ. ನೇರವಾಗಿ ಹರಿಯುವ ಹತ್ತು ಮೀಟರ್ ಜಾಗವನ್ನು ಗುರುತು ಮಾಡಿಕೊಳ್ಳಿ. ಒಂದು ಕಡ್ಡಿಯನ್ನೋ ತೆಂಗಿನ ಚಿಪ್ಪನ್ನೋ ತೇಲಿಬಿಟ್ಟು, ಅದು ಹತ್ತು ಮೀಟರ್ ಸಾಗಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ. 20 ಸೆಕೆಂಡು ಬೇಕಾಯಿತು ಅಂತಿಟ್ಟುಕೊಳ್ಳಿ. ಆಗ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ನೀರು ಕಲ್ಲು, ಮರಳಿಗೆ ಉಜ್ಜಿಕೊಂಡು ನಿಧಾನವಾಗಿ ಹೋಗುತ್ತದೆ. ಆದ್ದರಿಂದ ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿ ಸರಾಸರಿ ವೇಗ ತೆಗೆಯುತ್ತಾರೆ. ಹಳ್ಳದ ಅಗಲ 6 ಮೀಟರ್, ಸರಾಸರಿ ಆಳ ಅರ್ಧ ಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 1.27 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 45 ಕ್ಯೂಸೆಕ್. ಇಷ್ಟೇ ವಿದ್ಯೆ!

ದೊಡ್ಡ ನದಿಗಳಲ್ಲೂ ಇದೇ ಲೆಕ್ಕ, ಸಾಧನ ಮಾತ್ರ ಬೇರೆ. ಕೃಷ್ಣಾ ನದಿಗೆ ರಾಯಚೂರು ಜಿಲ್ಲೆಯ ಹೂವಿನಹೆಡಗಿಯಲ್ಲಿ, ಭೀಮಾ ಬಂದು ಸೇರಿದ ಮೇಲೆ ದೇವಸುಗೂರಿನಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರಗಳಿವೆ. ಇಂತಹ ಕೇಂದ್ರಗಳಲ್ಲಿ ನೀರಿನ ಮಟ್ಟ ನೋಡಲು ಅಂಕಿ ಬರೆದ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ. ನೀರಿನ ವೇಗ ನೋಡಲು ಕರೆಂಟ್ ಮೀಟರ್ ಎಂಬ ಚಕ್ರವಿರುವ ಉಪಕರಣವನ್ನು ನೀರಿಗೆ ಇಳಿಬಿಡುತ್ತಾರೆ. ಇದಕ್ಕೂ ವಿದ್ಯುತ್ ಮೀಟರಿಗೂ ಸಂಬಂಧವಿಲ್ಲ. ನೀರಿನ ಸೆಳೆತಕ್ಕೆ ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದರಿಂದ ವೇಗ ತಿಳಿಯುತ್ತದೆ.

ದಿನಾ ಇಷ್ಟೆಲ್ಲ ಮಾಡಲು ಕಷ್ಟ. ಅದಕ್ಕೆ ಒಂದು ಜಾಣತನದ ದಾರಿ ಇದೆ. ನೀರಿನ ಮಟ್ಟ ಇಷ್ಟಿದ್ದಾಗ ಹರಿವು ಇಷ್ಟಿತ್ತು ಎಂದು ಬೇರೆ ಬೇರೆ ದಿನಗಳಲ್ಲಿ ಅಳೆದು ಒಂದು ಕೋಷ್ಟಕ ಮಾಡಿಟ್ಟುಕೊಳ್ಳುತ್ತಾರೆ. ಕೋಷ್ಟಕ ಸಿದ್ಧವಾದ ಮೇಲೆ ಮಟ್ಟ ಓದಿದರೆ ಸಾಕು, ಹರಿವು ಗೊತ್ತಾಗುತ್ತದೆ. ಈ 'ಮಟ್ಟ–ಹರಿವು ಕೋಷ್ಟಕ'ವನ್ನು ನೆನಪಿಟ್ಟುಕೊಳ್ಳಿ. ಉಪಗ್ರಹದ ಕಥೆಯಲ್ಲೂ ಇದು ಬರುತ್ತದೆ, ನಮ್ಮ ಅಜ್ಜಿಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಹಾಗಿದ್ದರೆ ಉಪಗ್ರಹ ಯಾಕೆ ಬೇಕು? ಕಾರಣಗಳು ಹಲವು. ಎಲ್ಲ ನದಿಗಳಲ್ಲೂ ಅಳತೆ ಕೇಂದ್ರಗಳಿಲ್ಲ. ಮಹಾಪೂರ ಬಂದಾಗ ದೋಣಿ ಇಳಿಸುವುದು ಜೀವಕ್ಕೆ ಅಪಾಯ. ನಿಲ್ಲಿಸಿದ ಅಳತೆ ಪಟ್ಟಿಯೇ ಕೊಚ್ಚಿಹೋಗಬಹುದು. ಇನ್ನು ಕೆಲವು ನದಿಗಳು ಬೇರೆ ದೇಶದಲ್ಲಿ ಹುಟ್ಟಿ ನಮ್ಮಲ್ಲಿಗೆ ಬರುತ್ತವೆ, ನಮ್ಮಲ್ಲಿ ಹುಟ್ಟಿ ಬೇರೆ ದೇಶಕ್ಕೆ ಹೋಗುತ್ತವೆ. ಮೇಲಿನವರ ಅಳತೆ ಕೆಳಗಿನವರಿಗೆ ಸಿಗಬೇಕಲ್ಲ?

ಉಪಗ್ರಹಕ್ಕೆ ಏನು ಕಾಣುತ್ತದೆ?

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳೋಣ. ಉಪಗ್ರಹಕ್ಕೆ ಕ್ಯೂಸೆಕ್ ಕಾಣುವುದಿಲ್ಲ. ಅದಕ್ಕೆ ಕಾಣುವುದು ನೀರಿನ ಮೈ ಮಾತ್ರ. ಅಗಲ, ಎತ್ತರ, ಇಳಿಜಾರು, ಈ ಮೂರನ್ನು ಬೇರೆ ಬೇರೆ ಉಪಗ್ರಹಗಳು ನೋಡಬಲ್ಲವು. ನದಿಯ ತಳ ಎಷ್ಟು ಆಳದಲ್ಲಿದೆ, ಒಳಗಿನ ನೀರು ಎಷ್ಟು ಜೋರಾಗಿ ಓಡುತ್ತಿದೆ ಎಂಬುದು ಮೇಲಿನಿಂದ ನೇರವಾಗಿ ಕಾಣುವುದಿಲ್ಲ.

ಮೊದಲು ಅಗಲ. ಕ್ಯಾಮೆರಾ ಇರುವ ಉಪಗ್ರಹಗಳು ನಾವು ಫೋಟೋ ತೆಗೆಯುವ ಹಾಗೆಯೇ ಚಿತ್ರ ತೆಗೆಯುತ್ತವೆ. ಚಿತ್ರ ಎಂದರೆ ಚಿಕ್ಕ ಚಿಕ್ಕ ಚೌಕಗಳ ಜೋಡಣೆ, ನಮ್ಮ ಕೌದಿಯ ಹಾಗೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ನೆಲದ ಮೇಲೆ 10 ಮೀಟರ್, ಅಮೆರಿಕದ ಲ್ಯಾಂಡ್‌ಸ್ಯಾಟ್‌ನದು 30 ಮೀಟರ್. ನೀರಿನ ಚೌಕಗಳನ್ನು ಎಣಿಸಿದರೆ ನದಿಯ ಅಗಲ ಗೊತ್ತಾಗುತ್ತದೆ. ಆದರೆ ನೂರು ಮೀಟರ್ ಅಗಲದ ಹೊಳೆಯಲ್ಲಿ ಎರಡೂ ದಡದಲ್ಲಿ 10 ಮೀಟರಿನ ಒಂದೊಂದು ಚೌಕ ತಪ್ಪಾಗಿ ಎಣಿಸಿದರೂ ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಬರುತ್ತದೆ.

ಕ್ಯಾಮೆರಾಕ್ಕೆ ಇನ್ನೊಂದು ತೊಡಕು ಇದೆ, ಮೋಡ. ಹೊಳೆ ಉಕ್ಕುವುದು ಮಳೆಗಾಲದಲ್ಲಿ, ಆಗಲೇ ಆಕಾಶ ಮುಚ್ಚಿರುತ್ತದೆ. ಇದಕ್ಕೆ ಪರಿಹಾರ ರೇಡಾರ್. ರೇಡಾರ್ ಉಪಗ್ರಹ ತಾನೇ ರೇಡಿಯೋ ಅಲೆ ಕಳಿಸಿ, ಅದು ನೆಲಕ್ಕೆ ತಾಗಿ ಮರಳಿ ಬರುವುದನ್ನು ನೋಡುತ್ತದೆ. ಅದಕ್ಕೆ ಮೋಡ ಅಡ್ಡಿಯಲ್ಲ, ಕತ್ತಲೆಯೂ ಅಡ್ಡಿಯಲ್ಲ. ಅಲೆಗಳು ಓರೆಯಾಗಿ ಬಂದು ನಯವಾದ ನೀರಿಗೆ ತಾಗಿದರೆ ಕನ್ನಡಿಗೆ ತಾಗಿದ ಬೆಳಕಿನಂತೆ ಆಚೆ ಹಾರಿಹೋಗುತ್ತವೆ, ಉಪಗ್ರಹಕ್ಕೆ ಮರಳುವುದಿಲ್ಲ. ಅದಕ್ಕೇ ರೇಡಾರ್ ಚಿತ್ರದಲ್ಲಿ ನೀರು ಕಪ್ಪಗೆ, ನೆಲ ಬೆಳ್ಳಗೆ ಕಾಣುತ್ತದೆ. ನಮ್ಮ ಇಸ್ರೋ ಸಂಸ್ಥೆ 2012ರಲ್ಲಿ ರಿಸ್ಯಾಟ್-1, 2022ರಲ್ಲಿ ಇಒಎಸ್-04 ಎಂಬ ರೇಡಾರ್ ಉಪಗ್ರಹಗಳನ್ನು ಹಾರಿಸಿತು. 2025ರ ಜುಲೈ 30ರಂದು ಅಮೆರಿಕದ ನಾಸಾ ಜೊತೆ ಸೇರಿ ಮಾಡಿದ ನೈಸಾರ್ ಉಪಗ್ರಹ ಶ್ರೀಹರಿಕೋಟಾದಿಂದ ಮೇಲೇರಿತು. ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರವು ಪ್ರವಾಹದ ಸಮಯದಲ್ಲಿ ಇಂತಹ ಚಿತ್ರಗಳಿಂದಲೇ ಎಲ್ಲೆಲ್ಲಿ ನೀರು ಹರಡಿದೆ ಎಂಬ ನಕ್ಷೆ ತಯಾರಿಸುತ್ತದೆ.

ಎರಡನೆಯದು ಎತ್ತರ. ಬಾವಿಗೆ ಕಲ್ಲು ಹಾಕಿ 'ಡುಬ್' ಅನ್ನುವ ಸದ್ದು ಬರುವವರೆಗೆ ಎಣಿಸಿ, ನೀರು ಎಷ್ಟು ಕೆಳಗಿದೆ ಅಂತ ನಾವು ಅಂದಾಜು ಮಾಡುವುದಿಲ್ಲವೇ? ಎತ್ತರ ಅಳೆಯುವ ಉಪಗ್ರಹದ ಉಪಾಯವೂ ಹೆಚ್ಚು ಕಡಿಮೆ ಇದೇ. ಅದು ನೇರ ಕೆಳಕ್ಕೆ ರೇಡಾರ್ ಅಲೆ ಕಳಿಸಿ, ನೀರಿಗೆ ತಾಗಿ ವಾಪಸ್ ಬರಲು ಹಿಡಿದ ಸಮಯವನ್ನು ಅಳೆಯುತ್ತದೆ. ಜೇಸನ್-2 ಎಂಬ ಉಪಗ್ರಹ 1,336 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿತ್ತು. ಅಷ್ಟು ದೂರ ಹೋಗಿ ಬರಲು ಅಲೆಗೆ ಬೇಕಾದದ್ದು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಸಮಯ. ಅದನ್ನು ಅತಿ ಸೂಕ್ಷ್ಮವಾಗಿ ಅಳೆದು ನೀರಿನ ಮಟ್ಟ ಹೇಳುತ್ತಾರೆ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್ ಆಗಲಿ, 2008ರ ಜೇಸನ್-2 ಆಗಲಿ, 2013ರಲ್ಲಿ ಭಾರತ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಸರಳ್ ಆಗಲಿ, ಮುಖ್ಯವಾಗಿ ಸಮುದ್ರದ ಮಟ್ಟ ನೋಡಲೆಂದು ಮಾಡಿದವು. ಅವು ದೊಡ್ಡ ನದಿಗಳನ್ನು ದಾಟುವಾಗ ಸಿಗುವ ಅಳತೆಯನ್ನೂ ಬಳಸಬಹುದು ಎಂದು ಆಮೇಲೆ ವಿಜ್ಞಾನಿಗಳು ಕಂಡುಕೊಂಡರು.

ಮೂರನೆಯದು ಇಳಿಜಾರು. ಅಮೆರಿಕ ಮತ್ತು ಫ್ರಾನ್ಸ್ ಮುಖ್ಯವಾಗಿ ಸೇರಿ 2022ರ ಡಿಸೆಂಬರ್ 16ರಂದು ಸ್ವಾಟ್ ಎಂಬ ಉಪಗ್ರಹವನ್ನು ಹಾರಿಸಿದವು. ನದಿಗಳನ್ನೂ ಸಮುದ್ರವನ್ನೂ ಅಳೆಯಲೆಂದೇ ಮಾಡಿದ ಉಪಗ್ರಹ ಇದು. ಹಿಂದಿನವು ತಾವು ಹಾದುಹೋಗುವ ಗೆರೆಯ ಕೆಳಗೆ ಮಾತ್ರ ಅಳೆಯುತ್ತಿದ್ದವು. ಇದಕ್ಕೆ ಹತ್ತು ಮೀಟರ್ ದೂರದಲ್ಲಿ ಎರಡು ಆಂಟೆನಾಗಳಿವೆ. ನಮ್ಮ ಎರಡು ಕಣ್ಣು ಸೇರಿ ದೂರ ಅಂದಾಜು ಮಾಡುವ ಹಾಗೆ, ಅವೆರಡೂ ಸೇರಿ ಎರಡೂ ಬದಿಗೆ ಐವತ್ತು ಐವತ್ತು ಕಿ.ಮೀ. ಪಟ್ಟಿಯಲ್ಲಿ ನೀರಿನ ಎತ್ತರವನ್ನು ಅಳೆಯುತ್ತವೆ. ಹೀಗಾಗಿ ನೂರು ಮೀಟರಿಗಿಂತ ಅಗಲವಾದ ನದಿಯ ಅಗಲ, ಎತ್ತರ, ಇಳಿಜಾರು ಮೂರೂ ಒಂದೇ ಸಲಕ್ಕೆ ಸಿಗುತ್ತವೆ.

ಕಾಣದ್ದನ್ನು ಅಂದಾಜು ಮಾಡುವುದು

ಮೈ ಕಂಡಿತು, ಸರಿ. ಅದರಿಂದ ಹರಿವಿನ ಸಂಖ್ಯೆ ಹೇಗೆ ತೆಗೆಯುವುದು? ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಆಗ ಹೇಳಿದ ಕೋಷ್ಟಕದ ದಾರಿ. ನದಿಯ ಒಂದು ಜಾಗದಲ್ಲಿ ನೆಲದ ಮೇಲೆ ಅಳೆದ ಹಳೆಯ ಹರಿವಿನ ಲೆಕ್ಕ ಇದೆ ಅಂತಿಟ್ಟುಕೊಳ್ಳಿ. ಅದೇ ದಿನಗಳಲ್ಲಿ ಉಪಗ್ರಹ ಕಂಡ ಎತ್ತರ ಅಥವಾ ಅಗಲವನ್ನು ಅದರ ಪಕ್ಕದಲ್ಲಿ ಬರೆದರೆ 'ಇಷ್ಟು ಅಗಲಕ್ಕೆ ಇಷ್ಟು ಹರಿವು' ಎಂಬ ಹೊಸ ಕೋಷ್ಟಕ ಸಿಗುತ್ತದೆ. ಮುಂದೆ ಉಪಗ್ರಹದ ಚಿತ್ರ ನೋಡಿಯೇ ಹರಿವು ಹೇಳಬಹುದು. ಬ್ರಹ್ಮಪುತ್ರದ ಹಾಗೆ ಮರಳ ದಿಬ್ಬಗಳ ನಡುವೆ ಹತ್ತಾರು ಕವಲಾಗಿ ಹರಿಯುವ ನದಿಯಲ್ಲಿ ನೀರು ಒಂದು ಗೇಣು ಏರಿದರೂ ಅಗಲ ಬಹಳ ಹೆಚ್ಚುತ್ತದೆ, ಅಲ್ಲಿ ಅಗಲದ ಲೆಕ್ಕ ಚೆನ್ನಾಗಿ ನಡೆಯುತ್ತದೆ. ಗೋಡೆಯಂತೆ ಕಡಿದಾದ ಬಂಡೆಯ ದಡದ ನಡುವೆ ಹರಿಯುವ ಕಡೆ ನೀರು ಎರಡಾಳು ಏರಿದರೂ ಅಗಲ ಹೆಚ್ಚು ಬದಲಾಗುವುದಿಲ್ಲ. ಅಲ್ಲಿ ಎತ್ತರದ ಅಳತೆಯೇ ಬೇಕು.

ಎರಡನೆಯದು ಭೌತಶಾಸ್ತ್ರದ ದಾರಿ. 1889ರಲ್ಲಿ ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಎಂಬವರು ನೀರಿನ ವೇಗಕ್ಕೆ ಒಂದು ಸೂತ್ರ ಮುಂದಿಟ್ಟರು. ಕಾಲುವೆ ತೋಡುವ ಇಂಜಿನಿಯರುಗಳು ಇಂದಿಗೂ ಅದನ್ನೇ ಬಳಸುತ್ತಾರೆ. ಅದರ ಸಾರ ಇಷ್ಟು: ಆಳ ಹೆಚ್ಚಾದರೆ ವೇಗ ಹೆಚ್ಚು, ಇಳಿಜಾರು ಹೆಚ್ಚಾದರೆ ವೇಗ ಹೆಚ್ಚು, ತಳ ಒರಟಾದರೆ ವೇಗ ಕಡಿಮೆ. ಇಳಿಜಾರು ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆ. ಸ್ವಾಟ್‌ನಂತಹ ಉಪಗ್ರಹ ಅಗಲ, ಇಳಿಜಾರು ಎರಡನ್ನೂ ಕೊಡುತ್ತದೆ. ಆದರೆ ತಳದ ಆಳ, ಒರಟುತನ ಕೊಡುವುದಿಲ್ಲ. ಒಂದೇ ನದಿಯನ್ನು ಕಡಿಮೆ ನೀರಿದ್ದಾಗ, ಹೆಚ್ಚು ನೀರಿದ್ದಾಗ ಹಲವು ಸಲ ನೋಡಿ, ಎಲ್ಲ ಸಲವೂ ಹೊಂದಿಕೆಯಾಗುವಂತಹ ತಳವನ್ನು ಕಂಪ್ಯೂಟರ್ ಲೆಕ್ಕದಿಂದ ಊಹಿಸಬೇಕು. ಆದ್ದರಿಂದಲೇ ವಿಜ್ಞಾನಿಗಳು ಇದನ್ನು 'ಅಳತೆ' ಎನ್ನದೆ 'ಅಂದಾಜು' ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಬಾಂಗ್ಲಾದೇಶ ಕಲಿಸಿದ ಪಾಠ

ಈ ವಿದ್ಯೆ ಹೊಳೆದಂಡೆಯ ಜನರ ಉಪಯೋಗಕ್ಕೆ ಬಂದ ಒಳ್ಳೆಯ ಉದಾಹರಣೆ ನಮ್ಮ ನೆರೆಯ ಬಾಂಗ್ಲಾದೇಶದಲ್ಲಿದೆ. ಗಂಗಾ, ಬ್ರಹ್ಮಪುತ್ರ, ಮೇಘನಾ ಈ ಮೂರೂ ಮಹಾನದಿಗಳು ಆ ದೇಶದ ಮೂಲಕ ಸಮುದ್ರ ಸೇರುತ್ತವೆ. ಆದರೆ ಇವುಗಳಿಗೆ ನೀರು ಕೂಡಿಬರುವ ಪ್ರದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಬಾಂಗ್ಲಾದೇಶದ ಹೊರಗಿದೆ. ಮಳೆ ಬೀಳುವುದು ಭಾರತ, ನೇಪಾಳ, ಭೂತಾನ್, ಚೀನಾ ದೇಶಗಳಲ್ಲಿ, ಮುಳುಗುವುದು ಬಾಂಗ್ಲಾದೇಶದ ರೈತನ ಗದ್ದೆ. ಭಾರತದಿಂದ ಪ್ರವಾಹದ ಮಾಹಿತಿ ಹೋಗುತ್ತದೆ. ಆದರೆ ಗಡಿಗೆ ಹತ್ತಿರದ ಅಳತೆಯಿಂದ ಮೂರು ದಿನ ಮುಂಚಿನ ಎಚ್ಚರಿಕೆ ಕೊಡುವುದೇ ಬಹಳ ಕಾಲ ಅವರ ಮಿತಿಯಾಗಿತ್ತು. ಮೂರು ದಿನದಲ್ಲಿ ಮನುಷ್ಯರು ದಾಟಿಕೊಳ್ಳಬಹುದು. ಆದರೆ ಅರ್ಧ ಮಾಗಿದ ಭತ್ತ ಕೊಯ್ದು, ದನಕರು ಸಾಗಿಸಿ, ಮೇವು ಒಟ್ಟಲು ಆಗುವುದಿಲ್ಲ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೊಸ ದಾರಿ ತೋರಿಸಿತು. ಭಾರತದೊಳಗೆ ಗಂಗೆ, ಬ್ರಹ್ಮಪುತ್ರಗಳ ಮೇಲೆ ಟೋಪೆಕ್ಸ್/ಪೊಸೈಡನ್ ಉಪಗ್ರಹ ಅಳೆದಿದ್ದ ಹಳೆಯ ಮಟ್ಟಗಳನ್ನು ತೆಗೆದುಕೊಂಡು, ಕೆಳಗೆ ಗಡಿಯ ಹತ್ತಿರ ಕೆಲವು ದಿನಗಳ ನಂತರ ನೀರು ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ ನೋಡಿದರು. ನೀರು ಅಷ್ಟು ದೂರ ಹರಿದು ಬರಲು ದಿನಗಳು ಬೇಕಲ್ಲ, ಆ ದಿನಗಳೇ ಎಚ್ಚರಿಕೆಯ ಸಮಯ. ಐದು ದಿನ ಮುಂಚೆ ಹೇಳಿದ ಮಟ್ಟಕ್ಕೂ ನಿಜವಾದ ಮಟ್ಟಕ್ಕೂ ಸಾಮಾನ್ಯವಾಗಿ 40 ಸೆಂಟಿಮೀಟರಿನಷ್ಟು ವ್ಯತ್ಯಾಸ ಬಂತು. ಹತ್ತು ದಿನ ಮುಂಚೆ ಹೇಳಿದರೆ 60ರಿಂದ 80 ಸೆಂಟಿಮೀಟರ್. ಇದರ ಮುಂದುವರಿಕೆಯಾಗಿ 2014ರ ಹೊತ್ತಿಗೆ ಜೇಸನ್-2 ಉಪಗ್ರಹದ ಅಳತೆ ಬಳಸಿ ಎಂಟು ದಿನ ಮುಂಚಿನ ಮುನ್ಸೂಚನೆಯನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮತ್ತು ಬಾಂಗ್ಲಾದೇಶದ ಸಂಸ್ಥೆಗಳು ಸೇರಿ ಪ್ರಯೋಗ ಮಾಡಿ ತೋರಿಸಿದರು.

ಇದರಲ್ಲಿ ನಾವು ಗಮನಿಸಬೇಕಾದ ಎರಡು ಮಾತಿವೆ. ಒಂದು, ಉಪಗ್ರಹದ ಲೆಕ್ಕ ನಡೆದದ್ದು ಕೆಳಗೆ ನದಿಯಲ್ಲಿ ವರ್ಷಗಟ್ಟಲೆ ಬರೆದಿಟ್ಟ ಮಟ್ಟದ ದಾಖಲೆಗಳು ಇದ್ದುದರಿಂದ. ದಿನಾ ಹೋಗಿ ಪಟ್ಟಿ ನೋಡಿ ವಹಿಯಲ್ಲಿ ಬರೆದ ಆ ಸಾಮಾನ್ಯ ನೌಕರನ ಕೆಲಸ ಇಲ್ಲದಿದ್ದರೆ ಆಕಾಶದ ಅಳತೆಗೆ ಅರ್ಥವೇ ಬರುತ್ತಿರಲಿಲ್ಲ. ಎರಡು, 40 ಸೆಂಟಿಮೀಟರ್ ಅಂದರೆ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ದೇಶದ ನಕ್ಷೆಯಲ್ಲಿ ಅದು ಸಣ್ಣ ತಪ್ಪು. ಹೊಸ್ತಿಲು ಒಂದು ಗೇಣು ಎತ್ತರ ಇರುವ ಮನೆಗೆ ಅದು ನೀರು ಬಂತೋ ಇಲ್ಲವೋ ಎನ್ನುವಷ್ಟು ದೊಡ್ಡದು.

ನಮ್ಮ ಹೊಳೆಗೆ ಇದು ಎಷ್ಟು ಉಪಯೋಗ?

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಕೃಷ್ಣೆಯಲ್ಲಿ ನಾರಾಯಣಪುರದ ಕೆಳಗಿರುವ ಊರುಗಳಿಗೆ ಡಂಗುರದಲ್ಲಿ ಬರುವ ಸಂಖ್ಯೆ ಉಪಗ್ರಹದ್ದಲ್ಲ. ಎಷ್ಟು ಗೇಟು, ಎಷ್ಟು ಎತ್ತರಕ್ಕೆ ತೆರೆದಿದ್ದಾರೆ, ಹಿಂದೆ ನೀರು ಎಷ್ಟು ಎತ್ತರ ನಿಂತಿದೆ ಎಂಬುದರಿಂದ ಡ್ಯಾಮಿನಲ್ಲೇ ಲೆಕ್ಕ ಮಾಡುತ್ತಾರೆ. ಇದು ಉಪಗ್ರಹಕ್ಕಿಂತ ಬೇಗ ಸಿಗುವ ಮಾಹಿತಿ. ಜೇಸನ್-2 ಒಂದು ಜಾಗದ ಮೇಲೆ ಹತ್ತು ದಿನಕ್ಕೊಮ್ಮೆ ಬರುತ್ತಿತ್ತು. ಸ್ವಾಟ್ ತನ್ನ ಪೂರ್ತಿ ಸುತ್ತು ಮುಗಿಸಲು 21 ದಿನ ಬೇಕು, ನೈಸಾರ್‌ಗೆ 12 ದಿನ. ರಾತ್ರಿ ಏರಿ ಮರುದಿನ ಇಳಿಯುವ ಪ್ರವಾಹ ಉಪಗ್ರಹ ಬಂದು ಹೋಗುವುದರ ನಡುವೆಯೇ ಮುಗಿದುಹೋಗಬಹುದು. ನಮ್ಮ ಸಣ್ಣ ಹಳ್ಳಗಳಂತೂ ಅಂತಹ ಉಪಗ್ರಹದ ಕಣ್ಣಿಗೆ ಬೀಳುವಷ್ಟು ಅಗಲವೇ ಇಲ್ಲ.

ಹಾಗಂತ ಉಪಗ್ರಹ ನಿರುಪಯೋಗಿ ಅಲ್ಲ. ಜಲಾಶಯದಲ್ಲಿ ನೀರು ಎಷ್ಟು ಹರಡಿದೆ, ಪ್ರವಾಹ ಎಷ್ಟು ದೂರ ಹೋಗಿದೆ, ವರ್ಷದಿಂದ ವರ್ಷಕ್ಕೆ ನದಿ ಹೇಗೆ ಬದಲಾಗುತ್ತಿದೆ, ಅಳತೆ ಕೇಂದ್ರವಿಲ್ಲದ ನದಿಯಲ್ಲಿ ನೀರು ಅಂದಾಜು ಎಷ್ಟು, ಇವಕ್ಕೆಲ್ಲ ಅದು ಬಹಳ ಒಳ್ಳೆಯ ಸಾಕ್ಷಿ. ಒಂದು ರಾಜ್ಯ, ಒಂದು ದೇಶ ತನ್ನ ಅಂಕಿ ಹೇಳದಿದ್ದರೂ ಆಕಾಶದ ಚಿತ್ರವನ್ನು ಮುಚ್ಚಿಡಲು ಆಗುವುದಿಲ್ಲ. ಸೆಂಟಿನೆಲ್, ಲ್ಯಾಂಡ್‌ಸ್ಯಾಟ್ ಚಿತ್ರಗಳು ಇಂದು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಕಾಲೇಜು ಓದುವ ನಮ್ಮ ಮಕ್ಕಳು ಕಲಿತರೆ ಅವರೇ ನೋಡಬಹುದು.

ಆದರೆ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಪ್ರವಾಹ ಇಳಿದ ಮೇಲೆ ಒಂದು ಊರಿನಲ್ಲಿ "ನಿಮ್ಮ ಓಣಿ ನಕ್ಷೆಯೊಳಗೆ ಬರಂಗಿಲ್ಲ" ಎಂಬ ಮಾತು ಕೇಳಿಸಿಕೊಂಡು ಕಣ್ಣೀರು ಹಾಕಿದವರನ್ನು ನಾವು ನೋಡಿದ್ದೇವೆ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಹಸಿಯಾಗಿಯೇ ಇತ್ತು! ನಕ್ಷೆ ಸುಳ್ಳು ಹೇಳಿತು ಅಂತಲ್ಲ. ಉಪಗ್ರಹ ಹಾದುಹೋದ ಗಳಿಗೆಯಲ್ಲಿ ಅಲ್ಲಿ ನೀರು ಇಲ್ಲದೆ ಇರಬಹುದು. ಒತ್ತೊತ್ತಾದ ಮನೆಗಳ ನಡುವೆ, ಗಿಡಮರಗಳ ಕೆಳಗೆ ನಿಂತ ನೀರು ರೇಡಾರಿಗೆ ಸರಿಯಾಗಿ ಕಾಣದೆ ಇರಬಹುದು. ಚಿತ್ರದಲ್ಲಿ ನೀರು ಕಾಣಲಿಲ್ಲ ಅಂದರೆ ನೀರು ಬಂದಿಲ್ಲ ಎಂದು ಅರ್ಥವಲ್ಲ. ಇದನ್ನು ನಾವೂ ತಿಳಿದಿರಬೇಕು, ಪರಿಹಾರದ ಪಟ್ಟಿ ಬರೆಯುವವರೂ ತಿಳಿದಿರಬೇಕು.

ಅಜ್ಜಿಯ ಪ್ರಶ್ನೆಗೆ ಉತ್ತರ

"ಎರಡು ಲಕ್ಷ ಅಂದ್ರ ನಮ್ಮ ಮನಿಗೆ ಎಷ್ಟ್ರೀ?" ಡ್ಯಾಮಿನ ಲೆಕ್ಕ ಇದನ್ನು ಹೇಳುವುದಿಲ್ಲ, ಉಪಗ್ರಹವೂ ಹೇಳುವುದಿಲ್ಲ. ಹೇಳಬೇಕಾದರೆ ಅವರ ಊರಿನದೇ ಒಂದು ಮಟ್ಟ–ಹರಿವು ಕೋಷ್ಟಕ ಬೇಕು. ಅದನ್ನು ಊರಿನವರೇ ಮಾಡಬಹುದು. ಸಂಘಗಳಿಗೆ ನಮ್ಮ ಸಲಹೆ ಹೀಗಿದೆ:

1. ಶಾಲೆಯ ಗೋಡೆ, ಗುಡಿಯ ಕಟ್ಟೆ ಅಥವಾ ಸೇತುವೆಯ ಕಂಬ, ಹೀಗೆ ಗಟ್ಟಿಯಾಗಿ ನಿಂತಿರುವ, ಸುರಕ್ಷಿತ ಜಾಗದಿಂದ ಕಾಣುವ ಒಂದೆರಡು ಕಡೆ ಗೇಣಿಗೊಂದು ಗೆರೆ ಹಾಕಿ ಬಣ್ಣದಲ್ಲಿ ಅಂಕಿ ಬರೆಯಿರಿ. ಪಂಚಾಯಿತಿಗೆ ತಿಳಿಸಿಯೇ ಮಾಡಿ.

2. 2009ರ ಮತ್ತು 2019ರ ದೊಡ್ಡ ಪ್ರವಾಹಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರನ್ನು ಕೇಳಿ ಆ ಗುರುತನ್ನೂ ಹಾಕಿ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ ಮೀರಿತ್ತು. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಜನ ಆಚೆ ಉಳಿದದ್ದು ಹಲವರಿಗೆ ನೆನಪಿರಬಹುದು.

3. ಡಂಗುರ ಸಾರಿದಾಗಲೆಲ್ಲ ಸಂಘದ ವಹಿಯಲ್ಲಿ ನಾಲ್ಕು ವಿಷಯ ಬರೆಯಿರಿ: ದಿನಾಂಕ ಮತ್ತು ಸಮಯ, ಸಾರಿದ ಕ್ಯೂಸೆಕ್, ನೀರು ಮುಟ್ಟಿದ ಗೆರೆ, ಅದು ಬರಲು ಹಿಡಿದ ಗಂಟೆ. ನೀರು ಬರದಿದ್ದರೂ 'ಬರಲಿಲ್ಲ' ಅಂತ ಬರೆಯಿರಿ. ಅದೂ ಮುಖ್ಯ.

4. ಭೀಮಾ ಸೇರಿದ ಮೇಲಿನ ಊರುಗಳಾದರೆ ಭೀಮೆಯ ನೀರನ್ನೂ ಪ್ರತ್ಯೇಕವಾಗಿ ಬರೆಯಿರಿ. ಕೃಷ್ಣೆಯಲ್ಲಿ ಎರಡು ಲಕ್ಷ ಇದ್ದಾಗ ಭೀಮೆಯೂ ತುಂಬಿ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

5. ಮನೆಯೊಳಗೆ ನೀರು ಬಂದರೆ, ಇಳಿದ ಕೂಡಲೇ ಗೋಡೆ ತೊಳೆಯುವ ಮುಂಚೆ ಕೆಸರಿನ ಗೆರೆಯ ಫೋಟೋ ತೆಗೆದು ದಿನಾಂಕ ಬರೆದಿಡಿ. ಉಪಗ್ರಹದ ನಕ್ಷೆಗೆ ಪೂರಕವಾದ ಸಾಕ್ಷಿ ಅದು.

ಎರಡು ಮೂರು ಮಳೆಗಾಲ ಹೀಗೆ ಬರೆದರೆ ನಿಮ್ಮ ಊರಿನ ಕೋಷ್ಟಕ ತಯಾರಾಗುತ್ತದೆ. ಆಮೇಲೂ ಅದು ಅಂದಾಜೇ. ಮರಳು ತೆಗೆದರೆ, ಹೊಸ ಸೇತುವೆ ಕಟ್ಟಿದರೆ, ಹೊಳೆ ತಳ ಬದಲಾದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅಧಿಕಾರಿಗಳು 'ಮನೆ ಬಿಡಿ' ಅಂದರೆ ವಹಿ ನೋಡುತ್ತಾ ಕೂರಬೇಡಿ, ಮೊದಲು ಹೊರಡಿ. ಆಡು ಹೋದರೆ ಸಂಘದ ಸಾಲದಲ್ಲಿ ಇನ್ನೊಂದು ಕೊಳ್ಳಬಹುದು. ಆದರೆ ಎಷ್ಟು ಹೊತ್ತಿದೆ, ಏನೇನು ಹೊರಬೇಕು, ಯಾರ ಮನೆ ಮೊದಲು ಮುಳುಗುತ್ತದೆ ಎಂಬುದನ್ನು ಈ ವಹಿ ಮುಂಚೆಯೇ ಹೇಳುತ್ತದೆ.

ಆ ದಿನ ಅಜ್ಜಿ ಮೊಮ್ಮಗಳ ಜೊತೆ ಆಡು ಹೊಡೆದುಕೊಂಡು ದಿನ್ನೆಗೆ ಹೋದರು. ನೀರು ಕೆಳಗಿನ ಓಣಿಯ ಕಟ್ಟೆಯವರೆಗೆ ಬಂದು, ಅವರ ಅಂಗಳ ಮುಟ್ಟದೆ ಇಳಿಯಿತು. ಮುಂದಿನ ಸಭೆಗೆ ನಾವು ಹೋದಾಗ ಅಜ್ಜಿ ಕೋಪದಲ್ಲಿರಬಹುದು ಅಂದುಕೊಂಡಿದ್ದೆವು. ಮೊಮ್ಮಗಳು ಶಾಲೆಯ ಗೋಡೆಗೆ ಇದ್ದಿಲಿನಿಂದ ಎಳೆದ ಗೆರೆಯೊಂದನ್ನು ತೋರಿಸಿದಳು. ಪಕ್ಕದಲ್ಲಿ ದಿನಾಂಕ, 'ಎರಡು ಲಕ್ಷ' ಅಂತ ಬರೆದಿತ್ತು. ಅಜ್ಜಿ ಹೇಳಿದರು: "ಎರಡಕ್ಕ ಇಲ್ಲೀತನ ಬಂತ್ರಿ ಸಿಸ್ಟರ್. ಮೂರು ಅಂದ್ರ ಈಗ ನಾ ಯಾರನ್ನೂ ಕೇಳಂಗಿಲ್ಲ."